ಗಾಜಿನೊಳಗಿನ ಹಸಿವು

ಕಡಲನ್ನು ಮನೆಯೊಳಗೆ ತರುವ ಹಂಬಲ ಹಳೆಯದು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ನೀರಿಗೆ ಗಾಳಿ ಬೆರೆಯಲೆಂದು ಅದನ್ನು ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿಯುವುದು ಮನೆಗೆಲಸದವರ ಪಾಲಿಗೆ ಬಂತು. 1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ಅಂದಿನ ಚಿಂತೆಯೆಲ್ಲ ನೀರನ್ನು ಕೆಡದಂತೆ ಇಡುವುದು.

ಉಷ್ಣವಲಯದ ಹವಳದ ದಿಬ್ಬಗಳಿಂದ ಚಿಟ್ಟೆಮೀನು ಬಂದಾಗ ಇನ್ನೊಂದು ಪ್ರಶ್ನೆ ಎದ್ದಿತು: ಇದಕ್ಕೆ ಉಣಿಸುವುದೇನನ್ನು? ನೀರು ತಿಳಿಯಾಗಿದ್ದರೂ ಮೀನು ಆಹಾರ ಮುಟ್ಟದೆ ಸೊರಗುತ್ತದೆ. ಇದು ಹಟವಲ್ಲ. ಚಿಟ್ಟೆಮೀನಿನ ಮೂತಿ ಕಿರಿದು. ತೇಲುವ ತುಣುಕನ್ನು ನುಂಗುವುದಕ್ಕಿಂತ, ಕಲ್ಲಿನ ಸಂದಿಯ ಹುಳುವನ್ನೋ ಹವಳದ ಮೃದು ದೇಹವನ್ನೋ ಕುಕ್ಕಿ ತಿನ್ನಲು ಹೊಂದಿಕೊಂಡದ್ದು.

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ತಮ್ಮ ವಿಧಾನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅವರ ತೊಟ್ಟಿಯಲ್ಲಿದ್ದದ್ದು ಕಡಲ ನೀರು, ಗಾಳಿಯ ಗುಳ್ಳೆ ಮತ್ತು ಜೀವಿಗಳು ನೆಲೆಸಿದ ದಿಬ್ಬದ ಕಲ್ಲುಗಳು. ಅಂಥ ಕಲ್ಲು ನೀರನ್ನು ಶುದ್ಧವಾಗಿಡುತ್ತದೆ. ಜೊತೆಗೆ ಮೀನಿಗೆ ಕುಕ್ಕಲು ಒಂದಿಷ್ಟು ಹುಳುಗಳನ್ನೂ ಒದಗಿಸುತ್ತದೆ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಇಂಥ ಕಲ್ಲಿನ ಜೊತೆ ಪ್ರಖರ ಬೆಳಕು ಮತ್ತು ನೊರೆಯ ಮೂಲಕ ಕಲ್ಮಷ ತೆಗೆಯುವ ಸಾಧನ ಬಳಸಿ ಗಟ್ಟಿ ಹವಳಗಳನ್ನೇ ಬೆಳೆಸಿದರು. ಆಗ ವಿಚಿತ್ರ ಇಕ್ಕಟ್ಟು: ಹವಳ ಬೆಳೆದ ತೊಟ್ಟಿಗೆ ಚಿಟ್ಟೆಮೀನು ಬಿಟ್ಟರೆ, ಅದು ಹವಳವನ್ನೇ ತಿನ್ನಬಹುದು!

ಸಾಕುವವರು ಉಪಾಯಗಳನ್ನು ಕಲಿತರು. ಚಿಪ್ಪು ತೆರೆದ ಕಪ್ಪೆಚಿಪ್ಪನ್ನು ಇಡುವುದು, ಸಿಗಡಿಯ ಮುದ್ದೆಯನ್ನು ಸತ್ತ ಹವಳದ ಸಂದಿಗಳಿಗೆ ಮೆತ್ತುವುದು, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಕೊಡುವುದು. ಕೀಟೊಡಾನ್ ಆರಿಗಾದಂಥ ಜಾತಿಗಳು ಇದಕ್ಕೆ ಒಗ್ಗುತ್ತವೆ. ಉದ್ದಮೂತಿಯ ಕೆಲ್ಮಾನ್ ರಾಸ್ಟ್ರಾಟಸ್‌ಗೆ ಇನ್ನಷ್ಟು ತಾಳ್ಮೆ ಬೇಕು. ಕೀಟೊಡಾನ್ ಟ್ರೈಫ್ಯಾಸಿಯಾಲಿಸ್ ಮಾತ್ರ ಬದುಕುವುದೇ ಬಹುಪಾಲು ಅಕ್ರೊಪೊರಾ ಹವಳದ ಮೇಲೆ. ಬಿಸಿಯೇರಿದ ಕಡಲಲ್ಲಿ ಆ ಹವಳ ಸತ್ತರೆ, ದಿಬ್ಬದಲ್ಲೂ ಈ ಮೀನಿನ ಸಂಖ್ಯೆ ಕುಸಿಯುತ್ತದೆ.

ನೀರನ್ನು ಹದಗೊಳಿಸಲು ಮನುಷ್ಯ ಕಲಿತ. ಆದರೆ ಕೆಲವು ಜೀವಿಗಳಿಗೆ ನೆಲೆಯೂ ಅನ್ನವೂ ಒಂದೇ. ಅವನ್ನು ಅಂಗಡಿಯಲ್ಲಿ ಕಂಡರೂ ಕೊಳ್ಳದಿರುವುದು ಈ ಹವ್ಯಾಸ ಕಲಿಸುವ ಕಠಿಣ ಪಾಠ.