ಅವ್ವನ ಹುಟ್ಟಿದ ದಿನ ಮತ್ತು ಡಿಎಸ್-160

ಅಮೆರಿಕದಲ್ಲಿರುವ ತಂಗಿಗೆ ಫೆಬ್ರವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಅವ್ವ ಹೋಗಬೇಕು. ದಸರಾ ರಜೆಗೆ ಕುದಾಪುರಕ್ಕೆ ಹೋದಾಗ ಪಡಸಾಲೆಯಲ್ಲಿ ಕೂತು, ಮೊಬೈಲಿನ ಹಾಟ್‌ಸ್ಪಾಟ್ ಹಾಕ್ಕೊಂಡು, ವೀಸಾ ಅರ್ಜಿ ತೆರೆದೆ. ಅದರ ಹೆಸರು ಡಿಎಸ್-160. ಇಪ್ಪತ್ತು ನಿಮಿಷ ಏನೂ ಒತ್ತದೆ ಸುಮ್ಮನೆ ಕೂತರೆ ಪುಟ ತಾನಾಗೇ ಮುಚ್ಚಿಹೋಗುತ್ತೆ. ಸುಳ್ಳು ಮಾಹಿತಿ ಕೊಟ್ಟರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು ಅಂತಲೂ ಅದರಲ್ಲಿ ಬರೆದಿರುತ್ತೆ. ಅದನ್ನ ಅವ್ವನಿಗೆ ಕನ್ನಡದಲ್ಲಿ ಹೇಳಿ, ಮುಂದಿನ ಪುಟಕ್ಕೆ ಹೋಗಿ, ಹುಟ್ಟಿದ ದಿನ 1-6-1966 ಅಂತ ತುಂಬಿದೆ.

ಅವ್ವ ಕೇಳಿದಳು: "ಅದು ನಾನು ಹುಟ್ಟಿದ ದಿನ ಅಲ್ಲವಲ್ಲಪ್ಪ. ಸುಳ್ಳು ಬರದಂಗೆ ಆಗಲ್ವಾ?"

ಹತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದೀನಿ. ದಿನಾಂಕದ ಫೀಲ್ಡಿಗೆ ವ್ಯಾಲಿಡೇಷನ್ ಬರೆಯೋದು ನನಗೆ ಗೊತ್ತು. ಈ ಪ್ರಶ್ನೆಗೆ ಉತ್ತರ ಮಾತ್ರ ಹೊಳೆಯಲಿಲ್ಲ. ಅಷ್ಟರಲ್ಲಿ ಪುಟ ಮುಚ್ಚಿಹೋಯಿತು.

ಅವ್ವನಿಗೆ ಮೂರು ಹುಟ್ಟಿದ ದಿನಗಳಿವೆ. ನಾಲ್ಕನೇ ಕ್ಲಾಸಿಗೆ ಬಿಟ್ಟ ಶಾಲೆಯ ಟಿಸಿಯಲ್ಲಿ 1-6-1966. ಹಳೇ ವೋಟರ್ ಕಾರ್ಡಿನಲ್ಲಿ ದಿನಾಂಕವೇ ಇಲ್ಲ, "1-1-1995ಕ್ಕೆ ವಯಸ್ಸು 32" ಅಂತಿದೆ. ಅಂದರೆ 1962ರ ಆಸುಪಾಸು. ಮೊದಲ ಸಲ ಮಾಡಿಸಿದ ಆಧಾರ್‌ನಲ್ಲಿ 1-1-1964.

ಮೂರೂ ಸುಳ್ಳು, ಆದರೆ ಮೂರಕ್ಕೂ ಕಾರಣಗಳಿವೆ. ಶಾಲೆ ಶುರುವಾಗೋದು ಜೂನ್‌ನಲ್ಲಿ. ಮಗುವನ್ನು ಸೇರಿಸಲು ಬಂದವರಿಗೆ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಂಡು, ವಯಸ್ಸು ಸರಿಹೋಗುವ ಹಾಗೆ ಇಸವಿ ಹಾಕುತ್ತಿದ್ದರು. ನಿಮ್ಮ ಫೇಸ್‌ಬುಕ್‌ನಲ್ಲಿ ಜೂನ್ ಒಂದಕ್ಕೆ ಎಷ್ಟು ಜನರ ಬರ್ತ್‌ಡೇ ಬರುತ್ತೆ, ಒಮ್ಮೆ ನೋಡಿ. ಫೋಟೋ ಇರುವ ಮತದಾರರ ಗುರುತಿನ ಚೀಟಿ ಬಂದದ್ದು 1993ರಲ್ಲಿ, ಶೇಷನ್ ಚುನಾವಣಾ ಆಯುಕ್ತರಾಗಿದ್ದಾಗ. ಮತ ಹಾಕಲು ವಯಸ್ಸಾಗಿದೆಯಾ ಅನ್ನೋದಷ್ಟೇ ಅದಕ್ಕೆ ಬೇಕಿತ್ತು, ಹುಟ್ಟಿದ ದಿನ ಬೇಕಿರಲಿಲ್ಲ. ಆಧಾರ್‌ನಲ್ಲಿ ಬರೀ ವಯಸ್ಸು ಹೇಳಿದವರಿಗೆ ಕಂಪ್ಯೂಟರ್ ಜನವರಿ ಒಂದು ಕೊಟ್ಟಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮೇಷ್ಟ್ರ ಡೀಫಾಲ್ಟ್ ವ್ಯಾಲ್ಯೂ ಜೂನ್ ಒಂದು, ಆಧಾರ್‌ನ ಡೀಫಾಲ್ಟ್ ವ್ಯಾಲ್ಯೂ ಜನವರಿ ಒಂದು.

ಹಾಗಾದರೆ ನಿಜವಾಗಿ ಹುಟ್ಟಿದ್ದು ಯಾವಾಗ? ಅಜ್ಜಿ ಹೇಳುತ್ತಿದ್ದದ್ದು ಹೀಗೆ: "ಬರ ಬಂದು ಅಮೆರಿಕದ ಗೋಧಿ ಕೊಟ್ಟ ವರ್ಷ, ನಾಯಕನಹಟ್ಟಿ ತೇರು ಆದ ಎಂಟನೇ ದಿನಕ್ಕೆ." ತಿಪ್ಪೇರುದ್ರಸ್ವಾಮಿಯ ತೇರು ಫಾಲ್ಗುಣದಲ್ಲಿ, ಅಂದರೆ ಮಾರ್ಚ್ ಸುಮಾರಿಗೆ. ಅಮೆರಿಕದ ಗೋಧಿ ಬರುತ್ತಿದ್ದದ್ದು 1954ರ ಪಿಎಲ್-480 ಕಾಯ್ದೆಯ ಕೆಳಗೆ. 1965 ಮತ್ತು 1966ರಲ್ಲಿ ಎರಡು ವರ್ಷ ಸತತವಾಗಿ ಮಳೆ ಕೈಕೊಟ್ಟಿತು. 1966ರಲ್ಲಿ ಭಾರತ ಹೊರಗಿನಿಂದ ತರಿಸಿದ ಕಾಳು ಸುಮಾರು 1 ಕೋಟಿ ಟನ್, ಅದರಲ್ಲಿ ಬಹುಪಾಲು ಅಮೆರಿಕದ್ದು. ಅಜ್ಜಿಯ ಲೆಕ್ಕ ಹಿಡಿದರೆ ಅವ್ವ ಹುಟ್ಟಿದ್ದು 1966ರ ಅಥವಾ 1967ರ ಮಾರ್ಚ್-ಏಪ್ರಿಲ್. ಮೇಷ್ಟ್ರ ತಾರೀಕು ಒಂದು ವರ್ಷದೊಳಗೇ ತಪ್ಪಿದೆ, ಅಷ್ಟೇ.

ಸರ್ಕಾರದ ಪುಸ್ತಕದಲ್ಲಿ ಯಾಕಿಲ್ಲ ಅಂತ ಕೇಳಬಹುದು. ವಂಶಪಾರಂಪರ್ಯದ ಶಾನುಭೋಗರನ್ನು ತೆಗೆದ ಕಾಯ್ದೆ 1961ರದ್ದು, ಜಾರಿಯಾದದ್ದು 1963ರಲ್ಲಿ. ಅವರ ಜಾಗಕ್ಕೆ ಗ್ರಾಮಲೆಕ್ಕಿಗರು ಬಂದರು. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ, ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್‌ನಲ್ಲಿ. ಅವ್ವ ಹುಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲಿ. ಅದೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಆ ಕಾಯ್ದೆಯಲ್ಲಿ ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಚಳ್ಳಕೆರೆಗೆ ಹೋಗಿ, ವಕೀಲರನ್ನು ಹಿಡಿದು, ಮಗಳು ಹುಟ್ಟಿದ್ದು ನಿಜ ಅಂತ ಕೋರ್ಟಿಗೆ ಹೇಳುವಷ್ಟು ಪುರುಸೊತ್ತು ಅಜ್ಜನಿಗೆ ಇರಲಿಲ್ಲ. ಮಗಳು ಕಣ್ಣೆದುರೇ ಓಡಾಡ್ತಿದ್ದಳಲ್ಲ.

ಹೀಗೆ ಬೇರೆ ಬೇರೆ ಕೆಲಸಕ್ಕೆ, ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಕಾಗದಗಳು ಇವು. ಒಂದನ್ನೊಂದು ನೋಡಿದ್ದೇ ಇಲ್ಲ. ಪಾಸ್‌ಪೋರ್ಟ್ ಅರ್ಜಿ ಹಾಕಿದ ದಿನ ಮೊದಲ ಸಲ ಎದುರುಬದುರಾದವು. ಎಲ್ಲವನ್ನೂ ಒಂದೇ ತಾರೀಕಿಗೆ ತರಬೇಕಾಯಿತು. ಟಿಸಿ ಇಟ್ಟು ಆಧಾರ್ ತಿದ್ದಿಸಿದೆವು. ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಅವ್ವನ ಆ ಒಂದು ಅವಕಾಶ ಮೇಷ್ಟ್ರ ಜೂನ್ ಒಂದಕ್ಕೆ ಖರ್ಚಾಯಿತು.

ಗಡಿ ದಾಟಲು ಇಷ್ಟೊಂದು ಕಾಗದ ಮೊದಲಿನಿಂದಲೂ ಬೇಕಿತ್ತಾ? ಇಲ್ಲ. ಮೊದಲ ಮಹಾಯುದ್ಧದ ತನಕ ಜಗತ್ತಿನ ಬಹಳ ಕಡೆ ಪಾಸ್‌ಪೋರ್ಟ್ ಕಡ್ಡಾಯ ಇರಲಿಲ್ಲ. ಆದರೆ ಬೇಡದವರನ್ನು ತಡೆಯೋ ಉಪಾಯಗಳು ಅದಕ್ಕೂ ಮುಂಚೆ ಬಂದಿದ್ದವು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅಂತ ಕೆನಡಾ 1908ರಲ್ಲಿ ನಿಯಮ ಮಾಡಿತು. ಭಾರತದಿಂದ ಹಾಗೆ ಹೋಗುವುದು ಆಗುತ್ತಲೇ ಇರಲಿಲ್ಲ. 1914ರಲ್ಲಿ 376 ಜನರನ್ನು ಹೊತ್ತು ವ್ಯಾಂಕೂವರ್ ತಲುಪಿದ ಕೋಮಗಾಟ ಮಾರು ಹಡಗು ಎರಡು ತಿಂಗಳು ನೀರಿನಲ್ಲೇ ನಿಂತು ವಾಪಸಾಯಿತು. 1917ರಲ್ಲಿ ಅಮೆರಿಕ ಏಷ್ಯಾದ ದೊಡ್ಡ ಭಾಗವನ್ನೇ ನಿಷೇಧಿತ ವಲಯ ಮಾಡಿತು, ಭಾರತವೂ ಅದರೊಳಗಿತ್ತು. ಯುದ್ಧಕ್ಕೆಂದು ತಂದ ಪಾಸ್‌ಪೋರ್ಟು, ವೀಸಾ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸ್‌ನಲ್ಲಿ ರಾಷ್ಟ್ರಸಂಘದ ಸಮ್ಮೇಳನ ನಡೆದು ಪಾಸ್‌ಪೋರ್ಟ್ ಪುಸ್ತಕ ಹೇಗಿರಬೇಕು ಅಂತ ಮಾದರಿ ಕೊಟ್ಟಿತು. ಅದೇ ವರ್ಷ ಭಾರತಕ್ಕೂ ಪಾಸ್‌ಪೋರ್ಟ್ ಕಾಯ್ದೆ ಬಂತು.

ಆ ಕಾಲದಲ್ಲಿ ನಮ್ಮೂರಿಂದ ಯಾರಾದರೂ ಹೊರಟಿದ್ದರೆ? ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಸಂಸ್ಥಾನದ ಪ್ರಜೆಗಳು ಕಾನೂನಿನ ಲೆಕ್ಕದಲ್ಲಿ ಬ್ರಿಟಿಷ್ ಪ್ರಜೆಗಳಲ್ಲ, ಬ್ರಿಟಿಷರ 'ರಕ್ಷಣೆಯಲ್ಲಿರುವವರು'. ಅಮೆರಿಕ 1946ರಲ್ಲಿ ಬಾಗಿಲು ಸ್ವಲ್ಪ ತೆರೆದು ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು. ದೇಶವಾರು ಕೋಟಾ ತೆಗೆದುಹಾಕಿದ್ದು 1965ರ ಅಕ್ಟೋಬರ್‌ನಲ್ಲಿ. ಅಂದರೆ ಅಮೆರಿಕದ ಗೋಧಿ ನಮ್ಮೂರಿಗೆ ಬರುತ್ತಿದ್ದ ಹೊತ್ತಿಗೇ ನಮ್ಮವರಿಗೆ ಅಲ್ಲಿಗೆ ಹೋಗುವ ದಾರಿಯೂ ತೆರೆದುಕೊಳ್ತಾ ಇತ್ತು. ಇತ್ತ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿಯಾಗಿತ್ತು. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟ್ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿದ್ದು 1967ರ ಏಪ್ರಿಲ್‌ನಲ್ಲಿ. ಅದಾದ ಮೇಲೇ ಈಗಿನ ಪಾಸ್‌ಪೋರ್ಟ್ ಕಾಯ್ದೆ ಬಂತು.

ಎರಡನೇ ಸಲ ಅರ್ಜಿ ತೆರೆದಾಗ ಹೆಸರಿನ ಪುಟ. ನಮ್ಮ ಕಡೆ ಹೆಸರು ಅಂದರೆ ಒಂದೇ ಹೆಸರು: ತಿಪ್ಪಮ್ಮ, ಓಬಕ್ಕ, ಬೋರಯ್ಯ. ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ. ಅಡ್ಡಹೆಸರು ಅನ್ನೋದೇ ಇಲ್ಲ. ನನ್ನ ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದ್ದಕ್ಕೆ, ಮೊದಲ ಸಲ ಆನ್‌ಸೈಟ್ ಹೋದಾಗ ಹೋಟೆಲಿನವರು ನನ್ನನ್ನ 'ಮಿಸ್ಟರ್ ಕುದಾಪುರ' ಅಂತ ಕರೆದರು. ಇಡೀ ಊರು ಸೂಟ್‌ಕೇಸ್ ಹಿಡಿದು ಬಂದಂಗೆ ಅನಿಸಿತು. ಅವ್ವನ ಪಾಸ್‌ಪೋರ್ಟಿನಲ್ಲಿ ಇರೋದು ಒಂದೇ ಹೆಸರು. ಅಂಥವರಿಗೆ ನಿಯಮ ಏನಂದರೆ, ಆ ಹೆಸರನ್ನ ಅಡ್ಡಹೆಸರಿನ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ತುಂಬಬೇಕು. ಅಂದರೆ 'ಮೊದಲ ಹೆಸರು ಗೊತ್ತಿಲ್ಲ'. ಅವ್ವನಿಗೆ ಇದನ್ನ ಹೇಳಲಿಲ್ಲ.

ಅದರ ಕೆಳಗೇ ಇನ್ನೊಂದು ಖಾನೆ, 'ಮಾತೃಭಾಷೆಯ ಲಿಪಿಯಲ್ಲಿ ಪೂರ್ತಿ ಹೆಸರು'. ಪಕ್ಕದಲ್ಲಿ 'ತಂತ್ರಜ್ಞಾನ ಲಭ್ಯವಿಲ್ಲ' ಅಂತ ಟಿಕ್ ಮಾಡಿ ದಾಟಿಕೊಳ್ಳೋಕೂ ಅವಕಾಶ ಇದೆ. ನನ್ನ ಅರ್ಜಿಗಳಲ್ಲಿ ಪ್ರತಿಸಲ ಟಿಕ್ ಮಾಡಿದ್ದೆ. ಈ ಸಲ ಕನ್ನಡದಲ್ಲಿ ಟೈಪ್ ಮಾಡಿದೆ. ಇಡೀ ಅರ್ಜಿಯಲ್ಲಿ ಅವ್ವ ತಾನೇ ಓದಿಕೊಂಡದ್ದು ಅದೊಂದೇ ಸಾಲು.

ಆಮೇಲೆ ಬಂದ ಪ್ರಶ್ನೆ: ನೀವು ಯಾವುದಾದರೂ ಕುಲಕ್ಕೆ ಅಥವಾ ಬುಡಕಟ್ಟಿಗೆ ಸೇರಿದವರಾ? ಅವ್ವನಿಗೆ ಹೇಳಿದೆ. ಥಟ್ಟನೆ ನಮ್ಮ ಬೆಡಗು ಹೇಳಿ, ಯಾವ ಬೆಡಗಿನವರ ಜೊತೆ ಹೆಣ್ಣು-ಗಂಡು ತರಬಾರದು ಅನ್ನೋದನ್ನೂ ವಿವರಿಸತೊಡಗಿದಳು. ಇಡೀ ಅರ್ಜಿಯಲ್ಲಿ ಅವಳಿಗೆ ಸರಿಯಾಗಿ ಉತ್ತರ ಗೊತ್ತಿದ್ದ ಪ್ರಶ್ನೆ ಇದು. ಅವರು ಕೇಳುತ್ತಿರುವುದು ಮದುವೆಯ ಬೆಡಗನ್ನಲ್ಲ ಅಂದುಕೊಂಡು ನಾನು 'ಇಲ್ಲ' ಒತ್ತಿದೆ. ಅದು ಸರಿಯಾ ಅಂತ ಈಗಲೂ ಗೊತ್ತಿಲ್ಲ.

ಅರ್ಜಿಯ ಜೊತೆಗೆ ಫೈಲೂ ಬೇಕು. 1952ರ ಅಮೆರಿಕದ ವಲಸೆ ಕಾಯ್ದೆಯಲ್ಲಿ 214(ಬಿ) ಅಂತ ಒಂದು ಕಲಮು ಇದೆ. ಅದರ ಪ್ರಕಾರ ನೋಡಿಬರಲು ಹೋಗುವ ಪ್ರತಿಯೊಬ್ಬರೂ ಅಲ್ಲೇ ಉಳಿಯಲು ಬಂದವರು ಅಂತಲೇ ಲೆಕ್ಕ. ವಾಪಸ್ ಬರ್ತೀನಿ ಅಂತ ಅಧಿಕಾರಿಗೆ ನಂಬಿಕೆ ಹುಟ್ಟಿಸುವ ಹೊಣೆ ಅರ್ಜಿ ಹಾಕಿದವರದ್ದು. ಹಾಗಾಗಿ ಊರಿನ ಜೊತೆ ಇರುವ ನಂಟಿಗೆ ಕಾಗದ ಹುಡುಕಬೇಕು. ನಾವು ಪಹಣಿ ತೆಗೆಸಿದೆವು. ಅದು ಸುಲಭ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು 2002ರ ಹೊತ್ತಿಗೇ ಕಂಪ್ಯೂಟರಿಗೆ ಹೋಗಿದ್ದವು. ಕೈಬರಹದ ಪಹಣಿಗೆ ಆಮೇಲೆ ಬೆಲೆ ಉಳಿಯಲಿಲ್ಲ.

ಪಹಣಿ ಸ್ಕ್ಯಾನ್ ಮಾಡುವಾಗ ಊರಾಚೆಯ ಕಾವಲು ನೆನಪಾಯಿತು. ಕುದಾಪುರದ ಸುತ್ತಲಿನ ಅಮೃತ್ ಮಹಲ್ ಕಾವಲು ಮೈಸೂರು ಅರಸರ ದನಗಳಿಗೆ ಬಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲದಲ್ಲಿ 'ಅಮೃತ್ ಮಹಲ್' ಆಯಿತು. ನಮ್ಮೋರು ತಲೆಮಾರುಗಳಿಂದ ಅಲ್ಲೇ ಕುರಿ ಮೇಯಿಸಿದವರು, ಆ ಉಣ್ಣೆಯಿಂದಲೇ ಕಂಬಳಿ ನೇಯ್ದವರು. 2008ರ ನಂತರದ ವರ್ಷಗಳಲ್ಲಿ ಐಐಎಸ್‌ಸಿಗೆ ಸುಮಾರು 1500 ಎಕರೆ, ಡಿಆರ್‌ಡಿಒಗೆ 4000ಕ್ಕೂ ಹೆಚ್ಚು ಎಕರೆ, ಇಸ್ರೋಗೆ, ಅಣುಶಕ್ತಿ ಸಂಸ್ಥೆಗೆ ಇನ್ನಷ್ಟು ಹಂಚಿಕೆಯಾಯಿತು. ಬೇಲಿ, ಗೋಡೆ ಎದ್ದವು. ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಗಿ 2014ರಲ್ಲಿ ತೀರ್ಪೂ ಬಂತು, ಯೋಜನೆಗಳು ನಿಲ್ಲಲಿಲ್ಲ. ಪಹಣಿ ಅನ್ನೋದು ಹೊಲ ಯಾರದ್ದು ಅಂತ ಹೇಳುತ್ತೆ. ಕುರಿ ಎಲ್ಲಿ ಮೇಯುತ್ತಿತ್ತು ಅಂತ ಹೇಳುವ ಖಾನೆ ಕುರಿಗಾಹಿಯ ಹೆಸರಿನಲ್ಲಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಈ ಊರಿನ ಜೊತೆ ನಿನ್ನ ನಂಟೇನು ಅಂತ ಕೇಳಿದರೆ ಅವರು ಏನು ಸ್ಕ್ಯಾನ್ ಮಾಡಬೇಕು? ನಮ್ಮ ಹತ್ತಿರ ನಾಲ್ಕು ಎಕರೆಯ ಪಹಣಿ ಇತ್ತು ಅನ್ನೋದಷ್ಟೇ ವ್ಯತ್ಯಾಸ.

ಮೂರನೇ ರಾತ್ರಿ ಅರ್ಜಿ ಸಲ್ಲಿಸಿದೆ. ಫೋಟೋ ಚೌಕಾಕಾರ, ಕನಿಷ್ಠ 600 ಪಿಕ್ಸೆಲ್, 240 ಕೆಬಿ ಒಳಗೆ, ಬಿಳಿ ಗೋಡೆ, ಕನ್ನಡಕ ಇರಬಾರದು. ಬಾರ್‌ಕೋಡ್ ಪುಟ ಬಂತು. ಜನವರಿಗೆ ಮೊದಲು ಚೆನ್ನೈಗೆ ಹೋಗಿ ಅವ್ವ ಹತ್ತು ಬೆರಳು ಒತ್ತಿದಳು. ಈ ಬೆರಳಚ್ಚು ನಮ್ಮ ದೇಶದಲ್ಲೇ ಬೆಳೆದ ವಿದ್ಯೆ. 1858ರಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಅಧಿಕಾರಿ ಬಂಗಾಳದಲ್ಲಿ ಒಬ್ಬ ಗುತ್ತಿಗೆದಾರ ಮಾತಿಗೆ ತಪ್ಪದಿರಲಿ ಅಂತ ಕರಾರು ಪತ್ರದ ಮೇಲೆ ಅವನ ಅಂಗೈ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚಿನ ಕಚೇರಿಯೇ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಕ್ರಮ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಕ್ರಮಕ್ಕೆ ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಯದ್ದಾಯಿತು. ಶೇಂಗಾ ಕಿತ್ತು ಸವೆದ ಅವ್ವನ ಬೆರಳುಗಳನ್ನು ಯಂತ್ರ ಒಂದೇ ಸಲಕ್ಕೆ ಓದಲಿಲ್ಲ. ಒರೆಸಿ, ಒತ್ತಿ, ಮತ್ತೆ ಒರೆಸಿ, ನಾಲ್ಕನೇ ಸಲಕ್ಕೆ ಒಪ್ಪಿತು.

ಮರುದಿನ ಸಂದರ್ಶನ. ನನಗೆ ಒಳಗೆ ಬಿಡಲಿಲ್ಲ. ರಸ್ತೆಯ ಆಚೆ ಮರದ ಕೆಳಗೆ ನಿಂತಿದ್ದೆ. ಅವ್ವ ನಲವತ್ತು ಹಾಳೆಯ ಫೈಲನ್ನು ಎದೆಗವಚಿಕೊಂಡು ಹೊರಗೆ ಬಂದಳು. ಯಾರೂ ಅದನ್ನು ಬಿಚ್ಚಿ ನೋಡಿರಲಿಲ್ಲ. ಕೇಳಿದ್ದು ಮೂರೇ ಪ್ರಶ್ನೆ, ಪಕ್ಕದವರು ಕನ್ನಡದಲ್ಲಿ ಹೇಳಿದರಂತೆ. ಯಾರ ಹತ್ತಿರ ಹೋಗ್ತೀರಿ, ಯಾಕೆ ಹೋಗ್ತೀರಿ, ಯಾವಾಗ ವಾಪಸ್ ಬರ್ತೀರಿ.

"ಯಾವಾಗ ಅಂದೆ?"

"ಶೇಂಗಾ ಬಿತ್ತೋ ಹೊತ್ತಿಗೆ ಅಂದೆ. ಆಯಮ್ಮ ಅವರಿಗೆ ಅದೇನೋ ಇಂಗ್ಲಿಷ್‌ನಾಗೆ ಹೇಳಿದ್ಲು. ಪಾಸ್‌ಪೋರ್ಟ್ ಇಟ್ಕೊಂಡ್ರು."

ಇಟ್ಟುಕೊಂಡರು ಅಂದರೆ ವೀಸಾ ಆಯಿತು ಅಂತ ಅರ್ಥ. ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವನ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟೆ. "ಸುಳ್ಳಲ್ಲವ್ವ. ಪಾಸ್‌ಪೋರ್ಟಿನಲ್ಲಿ ಏನಿದೆ ಅಂತ ಕೇಳಿದ್ರು, ಇರೋದನ್ನೇ ಬರೆದಿದೀವಿ. ನೀನು ಯಾವಾಗ ಹುಟ್ಟಿದ್ದು ಅಂತ ಅವರು ಕೇಳಲೇ ಇಲ್ಲ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಈ ವರ್ಷ ತೇರಿಗೆ ನಾನು ಇರಲ್ಲ, ನೀನಾದ್ರೂ ಹೋಗಿ ಕಾಯಿ ಒಡಿಸ್ಕೊಂಡು ಬಾ" ಅಂದಳು. ಫೋನ್ ತೆಗೆದು ಮಾರ್ಚ್ ತಿಂಗಳ ಕ್ಯಾಲೆಂಡರಿನಲ್ಲಿ ತೇರಿನ ದಿನ ಗುರುತು ಹಾಕಿಕೊಂಡೆ. ಅದಾದ ಎಂಟನೇ ದಿನಕ್ಕೂ ಒಂದು ರಿಮೈಂಡರ್ ಇಟ್ಟೆ. ಅವತ್ತು ಅವ್ವನಿಗೆ ಫೋನ್ ಮಾಡಬೇಕು.