ನಾಯಿ ಊಟ ಬಿಟ್ಟಿದೆಯೇ? ವಸಡಿನ ಬಣ್ಣ ನೋಡಿ

ನಿನ್ನೆಯವರೆಗೆ ಕಾಲಿಂಗ್ ಬೆಲ್ ಕೇಳಿದರೆ ಓಡಿ ಬರುತ್ತಿದ್ದ ನಾಯಿ ಇಂದು ಮೂಲೆ ಬಿಟ್ಟು ಏಳುತ್ತಿಲ್ಲ, ತಟ್ಟೆಯ ಅನ್ನ ಮುಟ್ಟಿಲ್ಲ. ಸೆಖೆಗೆ ಹೀಗಾಗಿರಬೇಕು ಎಂದುಕೊಳ್ಳುವುದು ಸಹಜ. ಆದರೆ ನಮ್ಮ ನಗರಗಳಲ್ಲಿ ಹೀಗೆ ಇದ್ದಕ್ಕಿದ್ದಂತೆ ಮಂಕಾದ ನಾಯಿಯಲ್ಲಿ ಮೊದಲು ಅನುಮಾನಿಸಬೇಕಾದ ಕಾಯಿಲೆಗಳಲ್ಲಿ ಉಣ್ಣಿ ಜ್ವರವೂ ಒಂದು. ಟಿಕ್ ಫೀವರ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ.

ಕಂದು ಉಣ್ಣಿ ಕಚ್ಚಿದಾಗ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ ನಾಯಿಯ ರಕ್ತ ಸೇರಿ, ಬಿಳಿ ರಕ್ತಕಣಗಳೊಳಗೆ ಬೆಳೆಯುತ್ತದೆ. ಪ್ಲೇಟ್‌ಲೆಟ್‌ಗಳು ಕಡಿಮೆಯಾಗುತ್ತವೆ. ಅದೇ ಉಣ್ಣಿ ಬೆಬೀಸಿಯಾ ಎಂಬ ಪರಾವಲಂಬಿಯನ್ನೂ ತರಬಹುದು. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎರಡಕ್ಕೂ ಜನ ಒಂದೇ ಹೆಸರು ಹೇಳುತ್ತಾರೆ, ಔಷಧ ಮಾತ್ರ ಬೇರೆ ಬೇರೆ.

ಉಣ್ಣಿಯೇ ಕಾಣಲಿಲ್ಲವಲ್ಲ?

ಕಾಣದಿರಬಹುದು. ಎರ್ಲಿಕಿಯಾ ಲಕ್ಷಣ ತೋರಿಸಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಅಷ್ಟರಲ್ಲಿ ಉಣ್ಣಿ ರಕ್ತ ಕುಡಿದು ಉದುರಿಹೋಗಿರುತ್ತದೆ. ರಜೆಗೆ ಊರಿಗೆ ಹೋದಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದರೆ ಪಶುವೈದ್ಯರಿಗೆ ಅದನ್ನೂ ಹೇಳಿ.

ಮನೆಯಲ್ಲಿ ಏನು ನೋಡಬೇಕು?

ಮೇಲ್ದುಟಿ ಎತ್ತಿ ವಸಡು ನೋಡಿ. ಆರೋಗ್ಯವಂತ ನಾಯಿಯದು ಗುಲಾಬಿ ಬಣ್ಣ. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗುತ್ತದೆ. (ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳಲ್ಲಿ ಕೆಳರೆಪ್ಪೆಯ ಒಳಭಾಗ ನೋಡಿ.) ವಸಡು ಬಿಳಿಚಿದ್ದರೆ, ಹಳದಿಯಾಗಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆಗಳಿದ್ದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೂಗು ಒದ್ದೆಯಾಗಿದೆ, ಹಾಗಾಗಿ ಜ್ವರವಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ನಮಗೆ ಜ್ವರ ಎನಿಸುವ 101 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ ತಾಪ. ಗುದದ್ವಾರದಲ್ಲಿ ಅಳೆದಾಗ 103 ದಾಟಿದ್ದರೆ ಜ್ವರ ಎನ್ನಬಹುದು. ವೈದ್ಯರು ಪ್ಲೇಟ್‌ಲೆಟ್ ಎಣಿಕೆ ಮಾಡಿಸುತ್ತಾರೆ. ಕಾಯಿಲೆಯ ಆರಂಭದಲ್ಲಿ ಕಿಟ್ ಪರೀಕ್ಷೆ ನೆಗೆಟಿವ್ ಬರುವುದುಂಟು. ಮತ್ತೆ ಪರೀಕ್ಷೆ ಮಾಡಿಸಲು ಹೇಳಿದರೆ ಬೇಸರಿಸಬೇಡಿ.

ಔಷಧದ ವಿಷಯ

ಫಾರ್ಮಸಿಸ್ಟ್ ಆಗಿ ನಾನು ಒತ್ತಿ ಹೇಳುವುದು ಇದನ್ನೇ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಯಾವುದನ್ನೂ ಕೊಡಬೇಡಿ. ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳಿಗೆ ಇವು ಅಪಾಯ. ಪ್ಲೇಟ್‌ಲೆಟ್ ಕುಸಿದಿರುವಾಗ ಐಬುಪ್ರೊಫೇನ್, ಆಸ್ಪಿರಿನ್‌ಗಳಿಂದ ರಕ್ತಸ್ರಾವ ಹೆಚ್ಚಬಹುದು.

ಎರ್ಲಿಕಿಯಾಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ, 28 ದಿನಕ್ಕೆ. ತೊಂದರೆ ಆಗುವುದು ಇಲ್ಲೇ. ಎಷ್ಟೋ ನಾಯಿಗಳು ಎರಡು-ಮೂರು ದಿನದಲ್ಲೇ ಊಟ ಶುರುಮಾಡುತ್ತವೆ, ಮನೆಯವರು ವಾರಕ್ಕೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಚೇತರಿಸಿಕೊಂಡಂತೆ ಕಾಣುವ ನಾಯಿಯ ಮೈಯಲ್ಲಿ ಈ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯಬಲ್ಲದು. ಮುಂದೆ ಅದು ಅಸ್ಥಿಮಜ್ಜೆಯನ್ನೇ ಕೆಡಿಸಿದರೆ ಉಳಿಸಿಕೊಳ್ಳುವುದು ಕಷ್ಟ. ಜರ್ಮನ್ ಶೆಫರ್ಡ್ ತಳಿಯಲ್ಲಿ ಕಾಯಿಲೆ ಹೆಚ್ಚು ತೀವ್ರ.

ಮಾತ್ರೆಯನ್ನು ಪನೀರಿನಲ್ಲಿ ಅಡಗಿಸಿ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಈ ಔಷಧಕ್ಕೆ ಅದು ಬೇಡ. ಹಾಲಿನ ಪದಾರ್ಥಗಳ ಕ್ಯಾಲ್ಸಿಯಂ ಅದು ರಕ್ತ ಸೇರುವುದನ್ನು ತಗ್ಗಿಸುತ್ತದೆ. ಊಟದ ಜೊತೆ ಕೊಟ್ಟು, ಮೇಲೆ ನೀರು ಕುಡಿಸಿ. ಒಣಗಂಟಲಲ್ಲಿ ಸಿಕ್ಕಿಕೊಂಡ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ವಾಂತಿಯಾದರೆ ನೀವೇ ನಿಲ್ಲಿಸದೆ ವೈದ್ಯರಿಗೆ ಫೋನ್ ಮಾಡಿ.

ಎರ್ಲಿಕಿಯಾ ಕ್ಯಾನಿಸ್ ನಾಯಿಯಿಂದ ಮನುಷ್ಯರಿಗೆ ನೇರವಾಗಿ ಹರಡುವುದಿಲ್ಲ. ಆದರೆ ಕಂದು ಉಣ್ಣಿ ಫ್ಲಾಟಿನೊಳಗೇ ಮೊಟ್ಟೆಯಿಟ್ಟು ಬೆಳೆಯಬಲ್ಲದು, ಆದ್ದರಿಂದ ಗೋಡೆಯ ಬಿರುಕು, ನಾಯಿ ಮಲಗುವ ಜಾಗ ಎಲ್ಲವನ್ನೂ ನೋಡಿ. ಸಿಕ್ಕಿದ್ದನ್ನು ಬರಿಗೈಯಲ್ಲಿ ಹಿಸುಕಬೇಡಿ. ಮನೆಯಲ್ಲಿ ಬೆಕ್ಕೂ ಇದ್ದರೆ ಉಣ್ಣಿ ಔಷಧ ಕೊಳ್ಳುವಾಗ ಅಂಗಡಿಯಲ್ಲಿ ಮೊದಲೇ ಹೇಳಿ: ನಾಯಿಗೆ ಹಚ್ಚುವ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಜೀವಕ್ಕೇ ಅಪಾಯ.