ಮುಯ್ಯಿ: ಮದುವೆಯ ಹಣದುಡುಗೊರೆ ಮತ್ತು ಅದರ ಒಡೆತನದ ಪ್ರಶ್ನೆ

ಕನ್ನಡದಲ್ಲಿ ‘ಮುಯ್ಯಿ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಮದುವೆಯಲ್ಲಿ ನೆಂಟರಿಷ್ಟರು ಕೊಡುವ ಉಡುಗೊರೆ ಒಂದು. ಮಾಡಿದ್ದಕ್ಕೆ ಪ್ರತಿಯಾಗಿ ಮಾಡುವುದು, ಅಂದರೆ ಪ್ರತೀಕಾರ, ಇನ್ನೊಂದು. ‘ಮುಯ್ಯಿ ತೀರಿಸಿದ’ ಎಂಬ ಮಾತು ಸಂದರ್ಭಕ್ಕೆ ತಕ್ಕಂತೆ ಹಗೆಗೂ ಒಪ್ಪುತ್ತದೆ, ನೆಂಟಸ್ತಿಕೆಗೂ ಒಪ್ಪುತ್ತದೆ. ಎರಡರಲ್ಲಿಯೂ ಸಮಾನವಾದುದು ಹಿಂತಿರುಗಿಸುವಿಕೆ. ಮದುವೆಯ ಹಣದುಡುಗೊರೆಯ ಚರಿತ್ರೆಯನ್ನು ಅರಿಯಲು ಈ ಸಮಾನಾಂಶವೇ ನಮಗೆ ದಾರಿ ತೋರಿಸುತ್ತದೆ.

ಮುಯ್ಯಿಯನ್ನು ದಾನದೊಡನೆ ಬೆರೆಸಿ ನೋಡಲಾಗದು. ಧರ್ಮಶಾಸ್ತ್ರಗಳು ಹೊಗಳುವ ದಾನ ಪ್ರತಿಫಲವನ್ನು ಬಯಸದಿರುವುದು. ಅದನ್ನು ಕೊಟ್ಟವರ ಹೆಸರನ್ನು ನಮ್ಮ ಶಾಸನಗಳು ಕಲ್ಲಿನಲ್ಲಿ ಕೆತ್ತಿಸಿಟ್ಟಿವೆ. ಮುಯ್ಯಿಯಾದರೋ ಮರಳಿ ಸಲ್ಲಬೇಕಾದುದು. ಆದುದರಿಂದಲೇ ಅದಕ್ಕೆ ಲೆಕ್ಕದ ಪುಸ್ತಕ ಬೇಕಾಯಿತು. ಕೊಡುವುದು, ಕೊಟ್ಟುದನ್ನು ಒಪ್ಪಿಕೊಳ್ಳುವುದು, ಮರಳಿಸುವುದು ಎಂಬ ಮೂರು ಕಟ್ಟುಪಾಡುಗಳನ್ನು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿವೇಚಿಸಿದರು. ಅವರು ಹಲವು ನಾಡುಗಳ ನಿದರ್ಶನಗಳಿಂದ ಸಾಧಿಸಿದ ಈ ಮಾತನ್ನು ಕನ್ನಡ ಒಂದೇ ಪದದಲ್ಲಿ ಅಡಗಿಸಿಟ್ಟುಕೊಂಡಿದೆ.

ಈ ಪದ್ಧತಿ ಕನ್ನಡಿಗರಿಗಷ್ಟೇ ಸೀಮಿತವಲ್ಲ. ತಮಿಳಿನಲ್ಲಿ ಇದಕ್ಕೆ ‘ಮೊಯ್’ ಎಂದು ಹೆಸರು. ಪುದುಕ್ಕೋಟ್ಟೈ, ತಂಜಾವೂರು ಜಿಲ್ಲೆಗಳ ಕೆಲವು ಊರುಗಳಲ್ಲಿ ಮದುವೆಯ ನೆಪವೂ ಇಲ್ಲದೆ ಮೊಯ್ ಔತಣಗಳನ್ನು ಏರ್ಪಡಿಸುತ್ತಾರೆ. ಕೂಡಿದ ಹಣ ಬಡ್ಡಿಯಿಲ್ಲದ ಬಂಡವಾಳವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತದೆ. ತೆಲುಗರು ಇದನ್ನು ‘ಚದಿವಿಂಪುಲು’ ಎನ್ನುತ್ತಾರೆ. ಓದಿಸುವುದು ಎಂದು ಅದರ ಅರ್ಥ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಸಭೆಯಲ್ಲಿ ಗಟ್ಟಿಯಾಗಿ ಹೇಳುವುದರಿಂದ ಬಂದ ಹೆಸರು. ದಕ್ಷಿಣ ಕರ್ನಾಟಕದ ‘ಮುಯ್ಯಿ ಓದಿಸು’ ಎಂಬ ನುಡಿಗಟ್ಟೂ ಇದನ್ನೇ ಹೇಳುತ್ತದೆ. ಉತ್ತರ ಕರ್ನಾಟಕದ ‘ಆಯೇರಿ’ ಮರಾಠಿಯ ‘ಆಹೇರ್’ಗೆ ಸಂಬಂಧಿಸಿದುದು, ಅಲ್ಲಿ ಹಣಕ್ಕಿಂತ ಬಟ್ಟೆಗೆ ಪ್ರಾಧಾನ್ಯ. ಪಂಜಾಬಿನ ಒಂದು ಹಳ್ಳಿಯನ್ನು ಕುರಿತು ಜೆಕಿಯೆ ಎಗ್ಲಾರ್ 1960ರಲ್ಲಿ ಪ್ರಕಟಿಸಿದ ಗ್ರಂಥ ಇಂಥ ಕೊಡುಕೊಳೆಯ ಸೂಕ್ಷ್ಮವೊಂದನ್ನು ಗುರುತಿಸುತ್ತದೆ. ಬಂದಷ್ಟನ್ನೇ ಸರಿಯಾಗಿ ಹಿಂತಿರುಗಿಸಿದರೆ ಲೆಕ್ಕ ಚುಕ್ತಾ ಆಗಿ ಸಂಬಂಧವೂ ಮುಗಿಯುತ್ತದೆ. ಆದುದರಿಂದ ತುಸು ಹೆಚ್ಚು ಕೊಟ್ಟು ಬಾಕಿಯನ್ನು ಉಳಿಸಬೇಕು. ಬಾಕಿ ಉಳಿಯುವುದೇ ನೆಂಟಸ್ತಿಕೆ ಉಳಿಯುವುದರ ಗುರುತು.

ನೂರಕ್ಕೆ, ಐನೂರಕ್ಕೆ ಒಂದು ರೂಪಾಯಿಯನ್ನು ಸೇರಿಸಿ ಕೊಡುವ ರೂಢಿಗೂ ಇಂಥದೇ ಅರ್ಥವನ್ನು ಹೇಳುವವರುಂಟು. ಸೊನ್ನೆಯಲ್ಲಿ ಮುಗಿದದ್ದು ಮುಗಿದೇ ಹೋಯಿತು. ಮೇಲಿನ ಒಂದು ರೂಪಾಯಿ ಮುಂದಿನದಕ್ಕೆ ಮೊದಲು. ಒಂದು ರೂಪಾಯಿಯ ನೋಟು ಈ ದೇಶದಲ್ಲಿ ಮೊದಲು ಹೊರಬಂದುದು 1917ರಲ್ಲಿ. 1994ರಲ್ಲಿ ಅದರ ಮುದ್ರಣ ನಿಂತು 2015ರಲ್ಲಿ ಮತ್ತೆ ಆರಂಭವಾಯಿತು. ನೋಟು ಅಪರೂಪವಾದರೂ ಮರ್ಯಾದೆ ಕೆಡಲಿಲ್ಲ. ನಾಣ್ಯವನ್ನು ಲಕೋಟೆಯ ಮೇಲೆಯೇ ಅಂಟಿಸಿ ಮಾರುವ ಪದ್ಧತಿ ಬಂದಿತು. ಲಕೋಟೆ ಬಂದುದರಿಂದ ಆದ ಇನ್ನೊಂದು ಬದಲಾವಣೆಯನ್ನೂ ನಾವು ಗಮನಿಸಬೇಕು. ಸಭೆಯಲ್ಲಿ ಓದಿಸುತ್ತಿದ್ದ ಮೊತ್ತ ಈಗ ಮುಚ್ಚಿದ ಕಾಗದದೊಳಗೆ ಸೇರಿತು. ಕೊಡುವವನ ಸಂಕೋಚ ಕಡಿಮೆಯಾಯಿತು. ಆದರೆ ಲೆಕ್ಕ ನಿಲ್ಲಲಿಲ್ಲ, ಸಭೆಯಿಂದ ಮನೆಯೊಳಕ್ಕೆ ಸರಿಯಿತು.

ಈ ಹಣ ಯಾರದು? ನಮ್ಮ ಲೇಖನದ ಮುಖ್ಯ ಪ್ರಶ್ನೆ ಇದೇ. ಇದನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡ ನೆಲದಲ್ಲಿಯೇ ಕುಳಿತು ವಿಚಾರಿಸಿದವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಸ್ಮೃತಿಯ ಪ್ರಕಾರ ತಂದೆಯ ಸೊತ್ತಿಗೆ ಕುಂದು ತರದೆ ಒಬ್ಬನು ತಾನೇ ಗಳಿಸಿದುದು, ಮಿತ್ರರಿಂದ ಬಂದುದು, ವಿವಾಹದಲ್ಲಿ ದೊರೆತುದು ದಾಯಾದಿಗಳ ಪಾಲಿಗೆ ಸೇರುವುದಿಲ್ಲ. ‘ತಂದೆಯ ಸೊತ್ತಿಗೆ ಕುಂದು ತರದೆ’ ಎಂಬ ವಿಶೇಷಣ ಸ್ವಾರ್ಜಿತಕ್ಕೆ ಮಾತ್ರ ಅನ್ವಯಿಸುವುದೋ, ಎಲ್ಲಕ್ಕೂ ಅನ್ವಯಿಸುವುದೋ? ಎಲ್ಲಕ್ಕೂ ಎನ್ನುತ್ತಾನೆ ವಿಜ್ಞಾನೇಶ್ವರ. ಮನೆಯ ಹಣದಿಂದ ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಮಿತ್ರನಿಂದ ಬಂದುದು ಎಲ್ಲ ಸಹೋದರರಿಗೂ ಸೇರಿದ್ದು. ಕನ್ಯೆಗಾಗಿ ಹಣ ತೆತ್ತು ಮಾಡಿಕೊಂಡ ಆಸುರಾದಿ ವಿವಾಹಗಳಲ್ಲಿ ದೊರೆತುದೂ ಹಾಗೆಯೇ.

ಇಲ್ಲಿ ‘ಮುಯ್ಯಿ’ ಎಂಬ ಪದ ಬರುವುದಿಲ್ಲ. ಆದರೆ ತತ್ತ್ವ ಮುಯ್ಯಿಗೆ ನೇರವಾಗಿ ಹೊಂದುತ್ತದೆ. ಮಗನ ಮದುವೆಗೆ ಬಂದ ಹಣ ಮಗನನ್ನು ನೋಡಿ ಬಂದುದಲ್ಲ. ತಂದೆ ಇಪ್ಪತ್ತು ಮೂವತ್ತು ವರ್ಷ ಊರೂರು ತಿರುಗಿ, ಮನೆಯ ಬೊಕ್ಕಸದಿಂದ ಕೊಟ್ಟ ಮುಯ್ಯಿ ಅದು. ಆಧುನಿಕ ಕಾನೂನಿನ ನಡೆ ಇದಕ್ಕೆ ಭಿನ್ನವಾದುದು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿ ಬಂದಿತು. ಅದರ ಅಂಗವಾಗಿ 1985ರಲ್ಲಿ ರಚಿತವಾದ ನಿಯಮಗಳ ಮೇರೆಗೆ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದುದರ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಅದರಲ್ಲಿರಬೇಕು. ಇಬ್ಬರೂ ಸಹಿ ಹಾಕಬೇಕು. ಅದೇ ವರ್ಷ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಗಂಡನ ಮನೆಯವರ ವಶದಲ್ಲಿದ್ದರೂ ಸ್ತ್ರೀಧನ ಹೆಂಡತಿಯ ಸ್ವಂತದ್ದೇ ಎಂದು ಸಾರಿತು. 2004ರಲ್ಲಿ ಹೊರಗಿನವರು ಕೊಟ್ಟ ಹಣಕ್ಕೆ ಒಂದು ಮಿತಿಯ ಮೇಲೆ ಆದಾಯ ತೆರಿಗೆಯನ್ನು ವಿಧಿಸಿದಾಗ ಮದುವೆಯ ಉಡುಗೊರೆಗೆ ವಿನಾಯಿತಿ ದೊರೆಯಿತು. ಆದರೆ ಅದು ಮದುವೆಯಾದವರಿಗೆ, ಅವರ ತಂದೆತಾಯಿಗಳಿಗಲ್ಲ. ಹೀಗೆ ಮುಯ್ಯಿ ಪುಸ್ತಕದಂಥ ಪಟ್ಟಿಯನ್ನೇ ಕಾನೂನು ಕೇಳಿತು. ಉದ್ದೇಶ ಮಾತ್ರ ಬೇರೆಯಾಯಿತು. ಹಿಂದಿರುಗಿಸಬೇಕಾದವರನ್ನು ನೆನಪಿಡಲು ಮನೆಯ ಪುಸ್ತಕ. ಒಡೆತನವನ್ನು ಸ್ಥಾಪಿಸಲು ಕಾನೂನಿನ ಪಟ್ಟಿ. ಹೆಣ್ಣುಮಕ್ಕಳ ಹಕ್ಕಿನ ದೃಷ್ಟಿಯಿಂದ ಎರಡನೆಯದು ಅವಶ್ಯವಾದುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸ್ವತ್ತು ನವದಂಪತಿಗಳದ್ದಾದರೆ ಋಣ ಯಾರದೆಂಬ ಪ್ರಶ್ನೆಗೆ ಕಾನೂನು ಉತ್ತರಿಸುವುದಿಲ್ಲ.

ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದಿತು. ನಮ್ಮ ತಂದೆಯವರು ಮುಯ್ಯಿ ಪುಸ್ತಕವನ್ನು ಜತನದಿಂದ ಇಟ್ಟಿದ್ದರು. ಹಳೆಯ ಪುಟಗಳಲ್ಲಿ ರೂಪಾಯಿಯ ಪಕ್ಕದಲ್ಲಿ ಆಣೆಗಳಿವೆ. ದಶಮಾಂಶ ನಾಣ್ಯ ಬಂದ 1957ರ ನಂತರ ಪೈಸೆಗಳು. ಕೆಲವು ಹೆಸರುಗಳ ಮುಂದೆ ಹಣವಿಲ್ಲ, ಅಕ್ಕಿ, ತೆಂಗಿನಕಾಯಿ ಎಂದಿದೆ. ಮರಳಿಸಿದ ಮುಯ್ಯಿಗೆ ಒಂದು ಅಡ್ಡಗೀಟು. ಅವರು ತೀರಿಕೊಂಡ ಮೇಲೆ ಸಹೋದರರು ಹೊಲಮನೆಗಳನ್ನು ಹಂಚಿಕೊಂಡೆವು. ಪುಸ್ತಕವನ್ನು ಯಾರೂ ಕೇಳಲಿಲ್ಲ. ಅಡ್ಡಗೀಟು ಬೀಳದ ಹೆಸರುಗಳು ಅದರಲ್ಲಿ ಅನೇಕ. ಹೊರರಾಜ್ಯದಲ್ಲಿ ನೆಲೆಸಿದ ನಮಗೆ ಆ ಮನೆಗಳ ಮದುವೆಯ ಕರೆಯೋಲೆಗಳೇ ಬರುತ್ತಿರಲಿಲ್ಲ. ಬಂದಾಗ ಎಷ್ಟು ಕೊಡಬೇಕೆಂಬುದು ತಿಳಿಯುತ್ತಿರಲಿಲ್ಲ. ಕೊನೆಗೆ ಪುಸ್ತಕವನ್ನು ನಾವೇ ತಂದೆವು. ಅಂದಿನ ಐದು ರೂಪಾಯಿಗೆ ಇಂದು ಎಷ್ಟು ಸಮವೆಂಬುದನ್ನು ಯಾವ ಶಾಸ್ತ್ರವೂ ಹೇಳುವುದಿಲ್ಲ. ಹೋಗಿ ಉಂಡು ಬರುವುದೇ ಅದಕ್ಕೆ ಸಮವೆಂದು ಆ ಮನೆಗಳ ಹಿರಿಯರು ನಮಗೆ ಹೇಳಿದರು.

ಮುಂಬೈ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡ ಮನೆಗಳ ಪೆಟ್ಟಿಗೆಗಳಲ್ಲಿ ಇಂಥ ಪುಸ್ತಕಗಳು ಇರಲೇಬೇಕು. ವಲಸೆ ಹೋದ ಕುಟುಂಬ ಯಾವ ಊರಿನೊಡನೆ ಎಷ್ಟು ಕಾಲ ಕೊಡುಕೊಳೆ ಉಳಿಸಿಕೊಂಡಿತು, ನೆರೆಯ ಮರಾಠಿಗರೂ ತೆಲುಗರೂ ಯಾವಾಗ ಪಟ್ಟಿಯೊಳಗೆ ಬಂದರು, ಹೆಂಗಸರ ಹೆಸರುಗಳು ಎಂದಿನಿಂದ ಸ್ವತಂತ್ರವಾಗಿ ಕಾಣಿಸಿಕೊಂಡವು ಎಂಬುದಕ್ಕೆ ಇವುಗಳಷ್ಟು ನಂಬಲರ್ಹವಾದ ಆಕರಗಳು ವಿರಳ. ಆಮಂತ್ರಣ ಪತ್ರಿಕೆಗಳಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗುತ್ತಿರುವ ಈ ಕಾಲದಲ್ಲಿ ಪುಸ್ತಕಗಳು ರದ್ದಿಗೆ ಹೋಗುವ ಮೊದಲೇ ಅವನ್ನು ಕಾಪಾಡಬೇಕಾಗಿದೆ. ಅವುಗಳಲ್ಲಿರುವುದು ಬದುಕಿರುವವರ ಋಣದ ಲೆಕ್ಕ. ಆದುದರಿಂದ ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿಯೇ ಸಂಶೋಧಕರು ಬಳಸತಕ್ಕದ್ದು. ನಮ್ಮ ತಂದೆಯವರ ಪುಸ್ತಕದ ನಕಲನ್ನು ಹಾಗೆಯೇ ಸಿದ್ಧಪಡಿಸಿದ್ದೇವೆ. ಮೂಲವನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದೇವೆ. ಅಡ್ಡಗೀಟು ಎಳೆಯುವ ಕೆಲಸ ಇನ್ನೂ ಉಳಿದಿದೆ.